ಪದೇ ಪದೇ ಭೇದಿ, ಹಿಡಿಯದ ಮೈ: ಕುರಿಮರಿಯ ಕರುಳಿನ ದೋಷ ಪತ್ತೆ ಮಾಡುವ ಬಗೆ

ದೋಷದ ಚಹರೆ

ಮರಿ ಮೇವಿಗೆ ಬಾಯಿ ಹಾಕುತ್ತದೆ, ನೀರು ಕುಡಿಯುತ್ತದೆ, ಜ್ವರವಿಲ್ಲ. ಆದರೂ ಜೊತೆಯ ಮರಿಗಳೆಲ್ಲ ಮೈ ತುಂಬಿಕೊಂಡು ನಿಂತಿರುವಾಗ ಇದೊಂದರ ಬೆನ್ನುಮೂಳೆ ಕೈಗೆ ಸಿಗುತ್ತದೆ. ಹದಿನೈದು ದಿನ ಹಿಕ್ಕೆ ಗಟ್ಟಿಯಾಗಿರುತ್ತದೆ. ಮೇವು ಬದಲಾಯಿತು, ಒಂದು ಅಡ್ಡಮಳೆ ಬಿತ್ತು, ಟೆಂಪೊದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಯಿತು ಎಂದರೆ ಸಾಕು, ಮತ್ತೆ ಬಾಲ, ತೊಡೆ ಎಲ್ಲ ಹೊಲಸು. ಜಂತಿನ ಔಷಧ ಹಾಕಿದಾಗ ನಿಂತಂತೆ ಕಾಣುತ್ತದೆ, ಮತ್ತೆ ಶುರುವಾಗುತ್ತದೆ. ಭೇದಿಯ ಪುಡಿ ಕೊಟ್ಟಾಗಲೂ ಅಷ್ಟೇ.

ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆ ಸಂತೆಯಲ್ಲಿ ಟಗರುಮರಿ ಕೊಂಡು ನಾಲ್ಕಾರು ತಿಂಗಳು ಮೇಯಿಸಿ ಬಕ್ರೀದ್‌ಗೋ ಜಾತ್ರೆಗೋ ಮಾರುವವರಿಗೆ ಈ ಮರಿ ಚೆನ್ನಾಗಿ ಪರಿಚಯ. ಹತ್ತು ತಂದರೆ ಅದರಲ್ಲಿ ಒಂದೆರಡು ಹೀಗಿರುತ್ತವೆ. ಅದನ್ನು ‘ತಳಿಯೇ ಸರಿಯಿಲ್ಲ’ ಎಂದು ಕೆಂಗುರಿಯ ಮೇಲೋ ಬಳ್ಳಾರಿ ತಳಿಯ ಮೇಲೋ ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ತಳಿಯ ತಪ್ಪು ಇದರಲ್ಲಿ ತೀರಾ ಕಡಿಮೆ. ನನ್ನ ತಿಳಿವಳಿಕೆಯಲ್ಲಿ, ಹೋಗಿ ಬಂದು ಮಾಡುವ ಭೇದಿ ಇವತ್ತಿನ ಮೇವಿನಿಂದ ಹುಟ್ಟಿದ್ದಲ್ಲ. ಮರಿಯ ಹೊಟ್ಟೆ ಇನ್ನೂ ಕಟ್ಟಿಕೊಳ್ಳುತ್ತಿದ್ದಾಗ ಬಿದ್ದ ಪೆಟ್ಟು ಅದು: ಹಸಿವು, ತಾಯಿಯ ಅಗಲಿಕೆ, ಬಿಸಿಲು, ಪ್ರಯಾಣದಂಥ ಒತ್ತಡ. ಯಾವ ವಯಸ್ಸಿನಲ್ಲಿ ಬಿತ್ತು ಎಂದು ಗೊತ್ತಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಮೊದಲು ಉಳಿದ ಕಾರಣಗಳನ್ನು ಕಳೆಯಿರಿ

ಆದರೆ ಎಲ್ಲವನ್ನೂ ಮೊದಲೇ ಒತ್ತಡದ ತಲೆಗೆ ಕಟ್ಟುವುದು ಸೋಮಾರಿತನ. ಕಣ್ಣಿಗೆ ಕಾಣುವ ರೋಗಗಳನ್ನು ಒಂದೊಂದಾಗಿ ಬದಿಗಿಟ್ಟ ಮೇಲೆಯೇ ಆ ಮಾತು.

ಕೆಳರೆಪ್ಪೆ ಬಿಡಿಸಿ ನೋಡಿ. ಒಳಭಾಗ ಬಿಳುಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಊತ ಇದ್ದರೆ, ರಕ್ತ ಹೀರುವ ಜಂತು ಇದೆ ಎಂದು ತಿಳಿಯಿರಿ. ಅದರಲ್ಲಿ ಹಿಕ್ಕೆ ಸಾಮಾನ್ಯವಾಗಿ ಗಟ್ಟಿಯೇ ಇರುತ್ತದೆ. ಭೇದಿ ಇಲ್ಲ, ಆದ್ದರಿಂದ ಜಂತಿಲ್ಲ ಎನ್ನುವ ಲೆಕ್ಕ ನಡೆಯುವುದಿಲ್ಲ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆ ಬಯಲಿನಲ್ಲಿ, ತುಂಗಭದ್ರಾ ಕಾಲುವೆಯ ಬದಿಯ ಜವುಳು ನೆಲದಲ್ಲಿ ಮೇಯ್ದು ಬಂದ ಮರಿಗೆ ನಾರುವ ನೀರುಭೇದಿ ಹಿಡಿದರೆ ಬಸವನಹುಳುವಿನಿಂದ ಹರಡುವ ಚಪ್ಪಟೆ ಜಂತನ್ನು ನೆನಪಿಸಿಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆಲ್ಬೆಂಡಜೋಲ್ ಅದರ ಎಳೆಯ ಹುಳುಗಳ ಮೇಲೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬೇಕಾಗುತ್ತದೆ, ಅದರ ಪ್ರಮಾಣವನ್ನು ವೈದ್ಯರು ತೂಕ ನೋಡಿ ಹೇಳಬೇಕು. ‘ಜಂತಿನ ಔಷಧ ಹಾಕಿದರೂ ಹೋಗಲಿಲ್ಲ’ ಎನ್ನುವ ದೂರಿನಲ್ಲಿ ಎಷ್ಟೋ ಬಾರಿ ತಪ್ಪು ಜಂತಿಗೆ ತಪ್ಪು ಔಷಧ ಹಾಕಿರುತ್ತಾರೆ.

ಮೂರು ವಾರ ದಾಟಿದ ಮರಿ ಮುಕ್ಕರಿಸುತ್ತಾ ರಕ್ತ ಅಥವಾ ಲೋಳೆ ಬೆರೆತ ಭೇದಿ ಮಾಡಿದರೆ ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರೋಪಜೀವಿಯನ್ನು ಅನುಮಾನಿಸಿ. ಪ್ರಯೋಗಾಲಯದ ಚೀಟಿಯಲ್ಲಿ ಕಾಕ್ಸಿಡಿಯಾ ಮೊಟ್ಟೆ ಇದೆ ಎಂದು ಬಂದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಚೆನ್ನಾಗಿರುವ ಮರಿಯ ಹಿಕ್ಕೆಯಲ್ಲೂ ಅವು ಇರುತ್ತವೆ. ಲಕ್ಷಣ, ಎಣಿಕೆ, ದೊಡ್ಡಿಯ ನೆಲ ಮೂರನ್ನೂ ಕೂಡಿಸಿ ನೋಡಬೇಕು. ಜ್ವರ, ಬಾಯಿಹುಣ್ಣು, ಮೂಗು ಕಣ್ಣಿನಿಂದ ಸಿಂಬಳ ಸುರಿದು ಭೇದಿಯಾದರೆ ಹಿರೇಬೇನೆ (ಪಿಪಿಆರ್ ಎಂಬ ಅಂಟುರೋಗ) ಇರಬಹುದು. ಅಂಥ ಮರಿಯನ್ನು ಹಿಂಡಿನಿಂದ ಬೇರ್ಪಡಿಸಿ ಅಂದೇ ಪಶು ಆಸ್ಪತ್ರೆಗೆ ತಿಳಿಸಿ. ಸಂಜೆ ಚೆನ್ನಾಗಿದ್ದ ಕೊಬ್ಬಿದ ಮರಿ ಬೆಳಿಗ್ಗೆ ಸತ್ತು ಬಿದ್ದಿದ್ದರೆ ಅದು ಕರುಳು ಬೇನೆಯ ಸಾವಾಗಿರುವ ಸಾಧ್ಯತೆ ಹೆಚ್ಚು. ಈ ಬರಹದ ಮರಿ ಹಾಗೆ ಸಾಯುವುದಿಲ್ಲ, ಸೊರಗುತ್ತದೆ.

ಇವೆಲ್ಲ ಕಳೆದ ಮೇಲೂ ಭೇದಿ ಹೋಗಿ ಬಂದು ಮಾಡುತ್ತಿದ್ದರೆ ಮುಂದೆ ಓದಿ.

ಹೊಟ್ಟೆ ಕಟ್ಟಿಕೊಳ್ಳುವ ಕಾಲ

ಹುಟ್ಟಿದ ಮರಿಗೆ ನಾಲ್ಕು ಹೊಟ್ಟೆಗಳೂ ಇರುತ್ತವೆ, ಕೆಲಸ ಮಾಡುವುದು ಕೊನೆಯದೊಂದೇ. ಮೊಲೆಗೆ ಬಾಯಿ ಹಾಕಿ ಚೀಪಿದಾಗ ಅನ್ನನಾಳದ ತುದಿಯಲ್ಲಿರುವ ಮಡಿಕೆ ಕೊಳವೆಯಾಗಿ ಮುಚ್ಚಿಕೊಂಡು ಹಾಲನ್ನು ನೇರವಾಗಿ ಆ ನಾಲ್ಕನೆಯ ಹೊಟ್ಟೆಗೆ ಇಳಿಸುತ್ತದೆ. ರೂಮೆನ್ ಎನ್ನುವ ದೊಡ್ಡ ಹೊಟ್ಟೆ ಆಗ ಹೆಸರಿಗಷ್ಟೇ ದೊಡ್ಡದು. ಎರಡು ವಾರದ ಹೊತ್ತಿಗೆ ಮರಿ ಮೇವಿನ ಎಸಳು ಕಡಿಯಲು ತೊಡಗುತ್ತದೆ. ತಿಂದ ಕಾಳು, ಸೊಪ್ಪು ರೂಮೆನ್ನಿನಲ್ಲಿ ಹುಳಿತು ಹುಟ್ಟುವ ಆಮ್ಲಗಳು, ಅದರಲ್ಲೂ ಬ್ಯುಟಿರಿಕ್ ಆಮ್ಲ, ಅದರ ಒಳಗೋಡೆಯನ್ನು ಬೆಳೆಸುತ್ತವೆ. ಒಣಮೇವು ಅದರ ಗಾತ್ರವನ್ನೂ ಸ್ನಾಯುವನ್ನೂ ಬೆಳೆಸುತ್ತದೆ. ಎಲ್ಲ ಸರಿಯಿದ್ದರೆ ಎಂಟು ವಾರದ ಸುಮಾರಿಗೆ ಹೊಟ್ಟೆಗಳ ಅಳತೆ ದೊಡ್ಡ ಕುರಿಯದರ ಹತ್ತಿರ ಬರುತ್ತದೆ.

ಸತ್ತ ಮರಿಯ ಹೊಟ್ಟೆ ಬಿಚ್ಚಿದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಾಳು, ಹೊಟ್ಟು ತಿಂದು ಬೆಳೆದ ಎರಡು ತಿಂಗಳ ಮರಿಯ ರೂಮೆನ್ ಒಳಮೈ ಟವೆಲಿನ ಹಾಗೆ ಎಳೆಯೆದ್ದು ಕಪ್ಪುಗಂದು ಬಣ್ಣಕ್ಕೆ ತಿರುಗಿರುತ್ತದೆ, ಬೆರಳಿಗೆ ಒರಟಾಗಿ ತಾಗುತ್ತದೆ. ಅದೇ ವಯಸ್ಸಿನ, ಬರೀ ಹಾಲಿನ ಮೇಲಿದ್ದ ಮರಿಯ ಗೋಡೆ ತೆಳ್ಳಗೆ, ಬಿಳುಚಿ, ನುಣ್ಣಗಿರುತ್ತದೆ. ಬೆರಳು ಜಾರುತ್ತದೆ. ಈ ಎರಡನೆಯ ಮರಿಯನ್ನು ತಾಯಿಯಿಂದ ಬಿಡಿಸಿ ಮೆಕ್ಕೆಜೋಳದ ನುಚ್ಚಿನ ಮುಂದೆ ನಿಲ್ಲಿಸಿದರೆ ಅದು ತಿನ್ನಬಹುದು. ತಿಂದದ್ದು ಎಲ್ಲಿ ಅರಗಬೇಕು?

ಸಣ್ಣ ಕರುಳಿನ ಕಥೆ ಇನ್ನೂ ಸೂಕ್ಷ್ಮ. ಅದರ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿದ್ದರೆ ಪೋಷಕಾಂಶ ಒಳಗೆ, ರೋಗಾಣು ಹೊರಗೆ. ಹಸಿವು, ತಾಯಿಯ ಅಗಲಿಕೆ, ಸುಡುಬಿಸಿಲು, ಪ್ರಯಾಣ ಇವುಗಳಿಂದ ಮೆದುಳು ಒತ್ತಡದ ಸಂಕೇತ ಕಳಿಸಿದಾಗ ಕರುಳಿನಲ್ಲಿರುವ ಮಾಸ್ಟ್ ಕೋಶಗಳು (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಕೋಶಗಳು) ಹೊರಬಿಡುವ ರಾಸಾಯನಿಕಗಳು ಆ ಬೆಸುಗೆಯನ್ನು ಸಡಿಲಿಸುತ್ತವೆ. ಬಿಸಿಲಿನ ತಾಪದಲ್ಲಿ ಇನ್ನೊಂದು ಪೆಟ್ಟು ಸೇರುತ್ತದೆ: ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹರಿದು ಕರುಳಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ದೊಡ್ಡ ಕುರಿ ಇದನ್ನು ಸರಿಪಡಿಸಿಕೊಂಡು ಮುಂದೆ ಹೋಗುತ್ತದೆ. ಮರಿಯಲ್ಲಿ ಕರುಳಿನ ನರಜಾಲ, ರೋಗನಿರೋಧಕ ವ್ಯವಸ್ಥೆ, ಒಳಗಿನ ಉಪಕಾರಿ ಸೂಕ್ಷ್ಮಜೀವಿಗಳು ಎಲ್ಲವೂ ಅದೇ ಹೊತ್ತಿನಲ್ಲಿ ರೂಪುಗೊಳ್ಳುತ್ತಿರುವುದರಿಂದ ಬಾಗಿದ ಗಿಡ ಬಾಗಿಯೇ ಬೆಳೆಯುವುದುಂಟು.

ಇದನ್ನು ಚೆನ್ನಾಗಿ ತೋರಿಸಿದ್ದು ಹಂದಿಮರಿಗಳ ಮೇಲಿನ ಕೆಲಸ. ಅಮೆರಿಕದಲ್ಲಿ ಆಡಂ ಮೋಸರ್ ಮತ್ತು ಸಂಗಡಿಗರು ಮೂರು ವಾರದೊಳಗೆ ಹಾಲು ಬಿಡಿಸಿದ ಮರಿಗಳನ್ನು ನಾಲ್ಕು ವಾರಕ್ಕೆ ಬಿಡಿಸಿದವುಗಳ ಜೊತೆ ಹೋಲಿಸಿದರು. ಬೇಗ ಬಿಡಿಸಿದವುಗಳ ಕರುಳು ವಾರಗಳು ಕಳೆದ ಮೇಲೂ ಸೋರುತ್ತಿತ್ತು, ಭೇದಿ ಮರುಕಳಿಸುತ್ತಿತ್ತು, ಮಾಸ್ಟ್ ಕೋಶಗಳು ಅತಿಯಾಗಿ ಚುರುಕಾಗಿದ್ದವು. ಒಂದೆರಡು ವಾರದ ಅಂತರ ಅಷ್ಟು ದೂರ ಬಂದಿತ್ತು. ಹಂದಿ ಮೆಲುಕು ಹಾಕುವ ಪ್ರಾಣಿಯಲ್ಲ, ಅದರ ಲೆಕ್ಕವನ್ನು ಕುರಿಗೆ ನೇರವಾಗಿ ಹೊಂದಿಸಬಾರದು. ಆದರೆ ಸಣ್ಣ ಕರುಳಿನ ಗೋಡೆ ಎರಡರಲ್ಲೂ ಒಂದೇ ಬಗೆಯಲ್ಲಿ ಕಟ್ಟಿದ್ದು.

ಒತ್ತಡದ ಹಾರ್ಮೋನು ಎಂದು ಬೈಸಿಕೊಳ್ಳುವ ಕಾರ್ಟಿಸಾಲ್ ಬಗ್ಗೆ ಒಂದು ಮಾತು. ಗರ್ಭದ ಕೊನೆಯ ದಿನಗಳಲ್ಲಿ ಮರಿಯ ಶ್ವಾಸಕೋಶವನ್ನೂ ಕರುಳನ್ನೂ ಹೊರಗಿನ ಬದುಕಿಗೆ ಪಕ್ವಗೊಳಿಸುವುದೂ ಅದೇ. ಅದು ಏರುವುದೇ ಕೆಡುಕಲ್ಲ, ಇಳಿಯದೆ ಉಳಿಯುವುದು ಕೆಡುಕು.

ಪೆಟ್ಟು ಯಾವಾಗ ಬಿತ್ತು?

ಹುಟ್ಟಿದ ದಿನವೇ ಬಿದ್ದಿದ್ದರೆ ಮರಿಯ ಚರಿತ್ರೆಯಲ್ಲಿ ಗಿಣ್ಣು ಹಾಲಿನ ಕೊರತೆ ಇರುತ್ತದೆ. ಕುರಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಕಣಗಳು ಮರಿಗೆ ದಾಟುವುದಿಲ್ಲ. ಗಿಣ್ಣು ಒಂದೇ ದಾರಿ. ಅವು ಹಾಗೆಯೇ ರಕ್ತಕ್ಕೆ ಸೇರುವಂತೆ ಕರುಳು ತೆರೆದಿರುವುದು ಸುಮಾರು 24 ಗಂಟೆ, ಅದರಲ್ಲೂ ಮೊದಲ ಕೆಲವು ಗಂಟೆಗಳು ಮುಖ್ಯ. ಮೊದಲ ದಿನ ಮೈತೂಕದ ಹತ್ತನೆಯ ಒಂದು ಪಾಲು ಗಿಣ್ಣು ಹೊಟ್ಟೆಗೆ ಹೋಗಬೇಕು, ಎಂದರೆ ಎರಡೂವರೆ ಕಿಲೋ ಮರಿಗೆ 250 ಮಿಲಿ ಲೀಟರ್. ಅದರ ಅರ್ಧ ಮೊದಲ ಎರಡು ಗಂಟೆಯೊಳಗೆ. ಮಾಸು ಬೀಳುವವರೆಗೆ ಹಾಲು ಕುಡಿಸಬಾರದು ಎಂದು ಕಾಯುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಇಷ್ಟು ದುಬಾರಿಯಾದ ಕಾಯುವಿಕೆ ಮತ್ತೊಂದಿಲ್ಲ. ಅವಳಿಗಳಲ್ಲಿ ಸಣ್ಣದು, ಚೊಚ್ಚಲು ಕುರಿಯ ಮರಿ, ಬೇಸಿಗೆಯಲ್ಲಿ ಮೇವಿಲ್ಲದೆ ಗಬ್ಬ ಕಳೆದ ಕುರಿಯ ಮರಿ ಇವುಗಳನ್ನು ಅನುಮಾನಿಸಿ. ಅಂಥವು ಮೊದಲ ವಾರದಲ್ಲೇ ಒಮ್ಮೆ ಭೇದಿ ಮಾಡಿ, ಹೇಗೋ ಬದುಕಿ, ಆಮೇಲೆ ಎಲ್ಲ ಬೇನೆಗೂ ಮೊದಲು ಸಿಗುತ್ತವೆ. ಕಳೆದ 24 ಗಂಟೆಯನ್ನು ಯಾವ ಟಾನಿಕ್ಕೂ ತರದು. ರಿಪೇರಿಯ ಜಾಗ ಮುಂದಿನ ಗಬ್ಬ: ಈಯುವ ಮುಂಚಿನ ಐವತ್ತು ದಿನ ತಾಯಿಗೆ ಹಿಂಡಿ, ಕಾಳು.

ಪೆಟ್ಟು ಬೀಳುವ ಎರಡನೆಯ ಜಾಗ ಹಟ್ಟಿ. ಗೌರವದಿಂದಲೇ ಹೇಳುತ್ತೇನೆ, ನಮ್ಮ ಕುರಿಗಾಹಿಗಳಿಗೆ ಕುರಿಯ ಬಗ್ಗೆ ಗೊತ್ತಿರುವಷ್ಟು ಪುಸ್ತಕಕ್ಕೆ ಗೊತ್ತಿಲ್ಲ. ಆದರೂ ಹಗಲು ತಾಯಂದಿರನ್ನು ಅಡವಿಗೆ ಹೊಡೆದುಕೊಂಡು ಹೋಗಿ ಎಳೆಮರಿಗಳನ್ನು ಬಿದಿರಿನ ಗೂಡಿನಡಿ ಅಥವಾ ಬಲೆಯೊಳಗೆ ಬಿಡುವಾಗ, ಬೆಳಗಿನಿಂದ ಸಂಜೆಯವರೆಗೆ ಮರಿಗೆ ಹಾಲಿಲ್ಲ, ಮಾರ್ಚ್ ಆದಮೇಲೆ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿಗೆ ಮರೆಯೂ ಸಾಲದು. ಇಲಿಮರಿಗಳನ್ನು ಹುಟ್ಟಿದ ಮೊದಲ ಎರಡು ವಾರ ದಿನಕ್ಕೆ ಮೂರು ಗಂಟೆ ತಾಯಿಯಿಂದ ಬೇರ್ಪಡಿಸುವ ಪ್ರಯೋಗಗಳಲ್ಲಿ ಅವು ದೊಡ್ಡವಾದ ಮೇಲೂ ಕರುಳು ಸೂಕ್ಷ್ಮವಾಗಿಯೇ ಉಳಿದದ್ದು ಕಂಡಿದೆ.

ಹಟ್ಟಿಯ ಮರಿಯನ್ನು ಗುರುತಿಸಲು ಅದರ ಬಾಯಿ ತೆರೆದು ನೋಡಿ. ಒಸಡಿನ ಅಂಚಿನಲ್ಲಿ ಮಣ್ಣು, ಹಲ್ಲಿನ ಸಂದಿಯಲ್ಲಿ ಉಣ್ಣೆಯ ಎಳೆ ಇರುತ್ತದೆ. ಹಸಿದ ಮರಿ ನೆಲ ನೆಕ್ಕುತ್ತದೆ, ಪಕ್ಕದ ಮರಿಯ ಮೈ ಕಚ್ಚುತ್ತದೆ. ಆ ನೆಲದಲ್ಲಿ ಕಾಕ್ಸಿಡಿಯಾ ಇದ್ದೇ ಇರುತ್ತದೆ, ಹೀಗೆ ಒತ್ತಡ ಮತ್ತು ರೋಗ ಎರಡೂ ಕೂಡಿಬರುತ್ತವೆ. ಸಂಜೆ ತಾಯಿ ಬಂದಾಗ ಒಂದೇ ಉಸಿರಿಗೆ ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುವುದೂ ಇದೇ ಮರಿ. ಪರಿಹಾರ ದೊಡ್ಡದೇನಲ್ಲ: ಮೊದಲ ವಾರ ಈದ ಕುರಿಗಳನ್ನು ಹಟ್ಟಿಯ ಹತ್ತಿರವೇ ಮೇಯಿಸಿ ಮಧ್ಯಾಹ್ನ ಒಮ್ಮೆ ಮೊಲೆಗೆ ಬಿಡುವುದು, ಹಿಂಡಿನಲ್ಲಿ ಒಂದೆರಡು ಹಾಲಿನ ಆಡು ಇಟ್ಟುಕೊಳ್ಳುವುದು, ಗೂಡನ್ನು ಮೂರು ದಿನಕ್ಕೊಮ್ಮೆ ಬೇರೆ ಜಾಗಕ್ಕೆ ಸರಿಸುವುದು, ಮೇಲೆ ಸೊಪ್ಪಿನ ಚಪ್ಪರ.

ಮೂರನೆಯದು ತಾಯಿ ಸತ್ತ ಅಥವಾ ತಾಯಿ ಬಿಟ್ಟ ಮರಿ, ಬಾಟಲಿಯಲ್ಲಿ ಬೆಳೆದದ್ದು. ಹೊಟ್ಟೆ ಜೋಲಿ, ರೋಮ ಮಂಕು, ಹಿಕ್ಕೆ ಬೂದುಬಣ್ಣದ ಜೇಡಿಮಣ್ಣು, ಹುಳಿವಾಸನೆ. ಹಾಲು ಕುಡಿದ ಕೂಡಲೇ ಎಡಗಡೆಯ ಬರಿಯನ್ನು ಅಂಗೈಯಿಂದ ಅಲುಗಿಸಿದರೆ ನೀರು ಕುಲುಕಿದ ಸದ್ದು ಕೇಳುತ್ತದೆ. ಹೆದರಿದ ಮರಿಯ ತಲೆಯನ್ನು ಮೇಲೆತ್ತಿ ಹಿಡಿದು ಬಾಯಿಗೆ ಹಾಲು ಸುರಿದಾಗ ಅನ್ನನಾಳದ ತುದಿಯ ಆ ಮಡಿಕೆ ಮುಚ್ಚಿಕೊಳ್ಳದೆ ಹಾಲು ರೂಮೆನ್ನಿಗೆ ಬಿದ್ದು ಅಲ್ಲೇ ಕೊಳೆಯುತ್ತದೆ. ಕರುಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ದೋಷ. ಮರಿ ತಾನೇ ಚೀಪುವ ಮೊಲೆತೊಟ್ಟು, ತಾಯಿಯ ಕೆಚ್ಚಲಿನ ಎತ್ತರ, ಬೆಚ್ಚಗಿನ ಹಾಲು, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ, ದಿನವೂ ಒಬ್ಬರದೇ ಕೈ. ಹಲವು ಮರಿಗಳಲ್ಲಿ ಇಷ್ಟರಿಂದಲೇ ವಾರದೊಳಗೆ ಹಿಕ್ಕೆಯ ಬಣ್ಣ ತಿರುಗುತ್ತದೆ. ಮೈ ತಣ್ಣಗಾಗಿ ಬಿದ್ದಿರುವ ಎಳೆಮರಿಗೆ ಮಾತ್ರ ಮೊದಲು ಕಾವು ಕೊಡಿ, ಅದು ತಲೆ ಎತ್ತುವವರೆಗೆ ಬಾಯಿಗೆ ಹಾಲು ಸುರಿಯಬೇಡಿ.

ನಾಲ್ಕನೆಯದು ಹಾಲು ಬಿಡಿಸುವ ಹೊತ್ತು. ಸಂತೆಗೆ ಬರುವ ಮರಿಗಳಲ್ಲಿ ಬಹುಪಾಲಿನ ದೋಷ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಬೆಲೆ ಏರಿದೆ ಎಂದು ಎರಡು ತಿಂಗಳೂ ತುಂಬದ ಮರಿಯನ್ನು ಬೆಳಗಿನ ಜಾವ ತಾಯಿಯಿಂದ ಕಿತ್ತು ಅದೇ ದಿನ ಟೆಂಪೊಗೆ ಹಾಕುತ್ತಾರೆ. ತಾಯಿ ಹೋಯಿತು, ಹಾಲು ಹೋಯಿತು, ಹಿಂಡು ಬದಲಾಯಿತು, ಬಿಸಿಲಲ್ಲಿ ನಿಂತಿತು, ಹೊಸ ಮನೆಯಲ್ಲಿ ಹೊಸ ಮೇವು. ಐದು ಪೆಟ್ಟು ಒಂದೇ ದಿನ. ಮರಿ ಒಂದೆರಡು ದಿನ ಏನನ್ನೂ ತಿನ್ನುವುದಿಲ್ಲ, ಆ ಉಪವಾಸವೇ ಸಣ್ಣ ಕರುಳಿನ ವಿಲ್ಲೈಗಳನ್ನು, ಎಂದರೆ ಪೋಷಕಾಂಶ ಹೀರುವ ಬೆರಳಿನಾಕಾರದ ಎಳೆಗಳನ್ನು, ಕುಗ್ಗಿಸುತ್ತದೆ. ಮೂರನೆಯ ದಿನ ಹಸಿವು ಕೆರಳಿ ಕಾಳಿನ ಮೇಲೆ ಬಿದ್ದಾಗ ಅರಗಿಸುವ ಶಕ್ತಿ ಇರುವುದಿಲ್ಲ.

ಅಮೀನಗಡದಂಥ ದೊಡ್ಡ ಸಂತೆಯ ಗದ್ದಲದಲ್ಲಿ ಮಾರುವವನನ್ನು ಕೇಳಿದರೆ ‘ನಾಲ್ಕು ತಿಂಗಳ ಮರಿ’ ಎನ್ನುತ್ತಾನೆ. ಹಲ್ಲು ನೋಡಿ ಪ್ರಯೋಜನವಿಲ್ಲ. ಮುಂದಿನ ಹಾಲುಹಲ್ಲುಗಳೆಲ್ಲ ಒಂದು ತಿಂಗಳ ಸುಮಾರಿಗೇ ಬಂದುಬಿಡುತ್ತವೆ, ಶಾಶ್ವತ ಹಲ್ಲು ಬರಲು ವರ್ಷ ದಾಟಬೇಕು. ಜೇಬಿನಲ್ಲಿ ಒಂದು ಹಿಡಿ ತೊಗರಿ ಹೊಟ್ಟು ಇಟ್ಟುಕೊಂಡು ಹೋಗಿ ಅಂಗೈಯಲ್ಲಿ ಹಿಡಿಯಿರಿ. ತಿಂದು ಬಲ್ಲ ಮರಿ ಮೂಸಿ, ಬಾಯಿಗೆ ತೆಗೆದುಕೊಂಡು ದವಡೆ ಪಕ್ಕಕ್ಕೆ ಆಡಿಸಿ ಅಗಿಯುತ್ತದೆ. ಹಾಲಿನ ಮರಿ ಬೆರಳು ಚೀಪುತ್ತದೆ. ಮಲಗಿ ಮೆಲುಕು ಹಾಕುತ್ತಿರುವ ಮರಿ ಕಂಡರೆ ಎರಡು ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಉಬ್ಬಿದ ಹೊಟ್ಟೆಗೆ ಮರುಳಾಗಬೇಡಿ, ಉಪ್ಪು ನೆಕ್ಕಿಸಿ ನೀರು ಕುಡಿಸಿ ತಂದದ್ದೂ ಇರುತ್ತದೆ.

ಮನೆಯಲ್ಲೇ ಹುಟ್ಟಿದ ಮರಿಯಾದರೆ ಹತ್ತು ಹದಿನೈದು ದಿನಕ್ಕೇ ದೊಡ್ಡಿಯ ಮೂಲೆಯಲ್ಲಿ ತಡಿಕೆ ಕಟ್ಟಿ ಒಂದು ಗೇಣಗಲದ ಕಿಂಡಿ ಬಿಡಿ, ಮರಿ ನುಗ್ಗಬೇಕು, ತಾಯಿ ನುಗ್ಗಬಾರದು. ಒಳಗೆ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಗೋಧಿ ಬೂಸಾ, ಜೊತೆಗೆ ಒಳ್ಳೆಯ ಒಣಮೇವು. ದಿನಕ್ಕೆ ಕಾಲು ಕಿಲೋ ಹತ್ತಿರ ಮೂರು ದಿನ ಸತತವಾಗಿ ತಿಂದ ಮೇಲೆಯೇ ಹಾಲು ಬಿಡಿಸುವ ಮಾತು. ತಿಂಗಳ ಲೆಕ್ಕಕ್ಕಿಂತ ಈ ಲೆಕ್ಕ ನಂಬಿಕೆಯದು. ಬಿಡಿಸುವಾಗ ತಾಯಿಯನ್ನು ಬೇರೆ ಕಡೆ ಹೊಡೆಯಿರಿ, ಮರಿ ಅದೇ ದೊಡ್ಡಿ, ಅದೇ ಜೊತೆ, ಅದೇ ಮೇವಿನಲ್ಲಿ ಉಳಿಯಲಿ.

ಪೆಟ್ಟು ಬಿದ್ದ ಮರಿ ಮನೆಗೆ ಬಂದಾಗಿದೆ

ಬಂದ ದಿನ ನೆರಳು, ನೀರು, ಒಣಮೇವು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ. ನಾಲ್ಕು ದಿನ ಕಾಳು ಬೇಡ, ಮದುವೆ ಮನೆಯ ಉಳಿದ ಅನ್ನವಂತೂ ಬೇಡವೇ ಬೇಡ. ಆಮೇಲೆ ಮುಷ್ಟಿಯಿಂದ ಆರಂಭಿಸಿ ಎರಡು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ. ಮನೆಯಲ್ಲಿರುವ ಹಳೆಯ ಹಿಂಡಿನಿಂದ ಎರಡು ಮೂರು ವಾರ ದೂರವಿಡಿ, ಆದರೆ ಒಂಟಿಯಾಗಿ ಕಟ್ಟಬೇಡಿ. ಒಂಟಿ ಮರಿ ಕೂಗುತ್ತಲೇ ಇರುತ್ತದೆ, ತಿನ್ನುವುದಿಲ್ಲ. ಬಂದ ದಿನವೇ ಜಂತಿನ ಔಷಧ, ಲಸಿಕೆ, ಉಣ್ಣೆ ಕತ್ತರಿಸುವುದು ಎಲ್ಲವನ್ನೂ ಮುಗಿಸಿಬಿಡುವ ಉತ್ಸಾಹ ಬೇಡ. ಮೆಲುಕು ಶುರುವಾಗಲಿ.

ಹಸುವಿಗೆಂದು ತಂದ ಖನಿಜ ಮಿಶ್ರಣವನ್ನು ಮರಿಗೆ ಹಾಕಬೇಡಿ, ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗುತ್ತದೆ. ಯೂರಿಯಾ ಬೆರೆತ ಮೇವು ರೂಮೆನ್ ಕಟ್ಟದ ಮರಿಗೆ ಸಲ್ಲದು. ಭೇದಿ ಕಂಡಾಗಲೆಲ್ಲ ಬಾಯಿಂದ ಆಂಟಿಬಯೋಟಿಕ್ ಪುಡಿ ಕೊಡುವುದು ಆಗಷ್ಟೇ ನೆಲೆಯೂರುತ್ತಿರುವ ಸೂಕ್ಷ್ಮಜೀವಿಗಳನ್ನೂ ತೊಳೆದುಬಿಡುತ್ತದೆ. ಜ್ವರ, ರಕ್ತ ಇದ್ದಾಗ ವೈದ್ಯರು ಬರೆದರೆ ಮಾತ್ರ ಕೊಡಿ.

ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಬೆಳಿಗ್ಗೆ ಮೇವಿಗೆ ಮುಂಚೆ, ತಕ್ಕಡಿಗೆ ಹಾಕಿ. ಹೊಟ್ಟೆ ಸುಧಾರಿಸುತ್ತಿರುವ ಮರಿಯಲ್ಲಿ ಮೊದಲು ಹಿಕ್ಕೆ ಬಿಡಿಬಿಡಿಯಾಗುತ್ತದೆ, ಆಮೇಲೆ ರೋಮಕ್ಕೆ ಹೊಳಪು, ತೂಕ ಕೊನೆಗೆ. ಆರು ವಾರ ಕಳೆದರೂ ತಿಂಗಳಿಗೆ ಎರಡು ಕಿಲೋ ಏರದ ಮರಿಗೆ ಹಿಂಡಿ ಸುರಿಯುವುದರಲ್ಲಿ ಲಾಭವಿಲ್ಲ. ಬರೀ ಮೇಯುವ ಹಿಂಡಿನಲ್ಲಿ ಬಿಟ್ಟು ಸಿಕ್ಕ ಬೆಲೆಗೆ ಮಾರಿ. ಹೆಣ್ಣುಮರಿಯಾದರೆ ತಳಿಗೆ ಉಳಿಸಿಕೊಳ್ಳುವ ಮುನ್ನ ಯೋಚಿಸಿ: ದೋಷ ರಕ್ತದಲ್ಲಿ ಇಳಿಯದಿದ್ದರೂ ಸೊರಗಿದ ತಾಯಿಯ ಗಿಣ್ಣು ಕಡಿಮೆಯಿರುತ್ತದೆ.

ಭೇದಿ ನಿಲ್ಲದೆ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ ಮನೆಮದ್ದಿನ ಕಾಲ ಮುಗಿದಿದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಪ್ರಯೋಗಾಲಯಕ್ಕೆ ಕಳಿಸಲು ನೆಲದಿಂದ ಎತ್ತಿದ ಹಿಕ್ಕೆ ಬೇಡ, ಗುದದಿಂದಲೇ ತೆಗೆದದ್ದು, ನಾಲ್ಕೈದು ಮರಿಗಳದ್ದು ಬೇರೆ ಬೇರೆ ಚೀಲದಲ್ಲಿ, ತಣ್ಣಗೆ ಇಟ್ಟು ಅಂದೇ ತಲುಪಿಸಿ. ಚೀಲದ ಮೇಲೆ ಮರಿಯ ಅಂದಾಜು ವಯಸ್ಸು, ಯಾವಾಗ ತಾಯಿಯಿಂದ ಬಿಡಿಸಿದ್ದು, ಯಾವ ಸಂತೆಯಿಂದ ಬಂದದ್ದು, ಇದುವರೆಗೆ ಯಾವ ಔಷಧ ಯಾವ ದಿನ ಹಾಕಿದ್ದು, ಇಷ್ಟನ್ನೂ ಬರೆಯಿರಿ.